ಅಚ್ಚೊತ್ತಿದ ಅಸಲುತನ

1969ರ ಮಾದರಿ ವರ್ಷದಲ್ಲಿ ಷೆವ್ರೊಲೆ ಕಂಪನಿ 2,43,085 ಕ್ಯಾಮರೋ ಕಾರುಗಳನ್ನು ಹೊರತಂದಿತು. ಅವುಗಳಲ್ಲಿ 69ಕ್ಕೆ ಮಾತ್ರ ಝಡ್‌ಎಲ್-1 ಎಂಬ, ಅಲ್ಯುಮಿನಿಯಂ ಬ್ಲಾಕಿನ 427 ಘನ ಇಂಚಿನ ಇಂಜಿನ್ ಕೂರಿಸಿದ್ದರು. ಆ ಇಂಜಿನ್ನಿಗೆ ತೆರಬೇಕಾಗಿದ್ದ ಹೆಚ್ಚುವರಿ ಬೆಲೆಯೇ 4,160 ಡಾಲರ್. ಕಾರಿನ ಒಟ್ಟು ಬೆಲೆ 7,200 ದಾಟುತ್ತಿತ್ತು. ಅಷ್ಟು ಹಣ ಸುರಿದವನಿಗೆ ಊರವರ ಮುಂದೆ ಮೆರೆಯಲು ಬಾನೆಟ್ಟಿನ ಮೇಲೆ ಪಟ್ಟೆಯೂ ಇರಲಿಲ್ಲ, ಇಂಜಿನ್ನಿನ ಹೆಸರು ಹೇಳುವ ಬಿಲ್ಲೆಯೂ ಇರಲಿಲ್ಲ. ನೋಡಲು ತರಕಾರಿ ತರಲು ಹೋಗುವ ಮಾಮೂಲಿ ಕ್ಯಾಮರೋ. ಡ್ಯಾಶ್‌ಬೋರ್ಡಿನ ಮೇಲಿನ ನಂಬರೂ ಗುಟ್ಟು ಬಿಟ್ಟುಕೊಡುವುದಿಲ್ಲ. 12437 ಎಂದು ಶುರುವಾಗುವ ಆ ನಂಬರು ಹೇಳುವುದು ಇಷ್ಟೇ: ಕಂಪನಿ ಷೆವ್ರೊಲೆ, ಮಾದರಿ ಕ್ಯಾಮರೋ, ಇಂಜಿನ್ ಎಂಟು ಸಿಲಿಂಡರಿನದು, ಮೈಕಟ್ಟು ಕೂಪೆ. ಬಡಪಾಯಿ 307 ಇಂಜಿನ್ನಿನ ಕಾರಿಗೂ ಅದೇ ಐದು ಅಂಕಿ, ಝಡ್‌ಎಲ್-1ಕ್ಕೂ ಅದೇ ಐದು ಅಂಕಿ.

ಹಾಗಾದರೆ ಇವತ್ತು ಹರಾಜುಕಟ್ಟೆಗೆ ಬಂದು ನಿಂತ ಕಾರು ಆ 69ರಲ್ಲಿ ಒಂದು ಹೌದೋ ಅಲ್ಲವೋ ಎಂದು ತೀರ್ಮಾನಿಸುವವರು ಯಾರು, ಯಾವುದರ ಆಧಾರದ ಮೇಲೆ? ಅಮೆರಿಕದ ಹಳೆಯ ಮಸಲ್ ಕಾರುಗಳ ಲೋಕದಲ್ಲಿ ಕಳೆದ ನಾಲ್ಕು ದಶಕಗಳಿಂದ ನಡೆದಿರುವ ಜಗಳ, ಸಂಶೋಧನೆ, ಮೋಸ, ಪಾಂಡಿತ್ಯ ಎಲ್ಲವೂ ಈ ಪ್ರಶ್ನೆಯ ಸುತ್ತಲೇ ಇದೆ. ತುಕ್ಕು ಹಿಡಿದ ಕಾರನ್ನು ಹೊಸದರಂತೆ ಮಾಡುವ ಕೈಚಳಕ ಈಗ ಸಾಕಷ್ಟು ಮಂದಿಗೆ ಒಲಿದಿದೆ. ಕಷ್ಟವಿರುವುದು, ಅದು ಹೊಸದಾಗಿದ್ದಾಗ ಏನಾಗಿತ್ತು ಎಂದು ಸಾಬೀತು ಮಾಡುವುದರಲ್ಲಿ.

ಈ ಪೇಚಿನ ಬೇರು ಮಸಲ್ ಕಾರಿನ ಹುಟ್ಟಿನಲ್ಲೇ ಇದೆ. 1963ರಲ್ಲಿ ಜನರಲ್ ಮೋಟರ್ಸ್ ತನ್ನ ವಿಭಾಗಗಳಿಗೆ ರೇಸಿನ ಸಹವಾಸ ಬೇಡವೆಂದು ಕಟ್ಟಪ್ಪಣೆ ಮಾಡಿತ್ತು. ಮಧ್ಯಮ ಗಾತ್ರದ ಕಾರಿಗೆ 330 ಘನ ಇಂಚಿಗಿಂತ ದೊಡ್ಡ ಇಂಜಿನ್ ಹಾಕಕೂಡದೆಂಬ ನಿಯಮವೂ ಇತ್ತು. ಪಾಂಟಿಯಾಕ್ ವಿಭಾಗದ ಜಾನ್ ಡಿಲೋರಿಯನ್ ಮತ್ತು ಸಂಗಡಿಗರು ಅದಕ್ಕೊಂದು ಒಳದಾರಿ ಹುಡುಕಿದರು. ಹೊಸ ಕಾರು ಎಂದರೆ ಮೇಲಿನವರ ಒಪ್ಪಿಗೆ ಬೇಕು. ಇರುವ ಕಾರಿಗೆ ಹೆಚ್ಚುವರಿ ಸಲಕರಣೆ ಎಂದರೆ ಯಾರನ್ನೂ ಕೇಳಬೇಕಿಲ್ಲ. ಹೀಗೆ 1964ರ ಟೆಂಪೆಸ್ಟ್ ಲೆಮಾನ್ಸ್ ಕಾರಿಗೆ 389 ಘನ ಇಂಚಿನ ಇಂಜಿನ್ ಸೇರಿಸಿ, ಸುಮಾರು 300 ಡಾಲರಿನ ಒಂದು ‘ಆಪ್ಷನ್’ ಆಗಿ ಜಿಟಿಒ ಮಾರುಕಟ್ಟೆಗೆ ಬಂತು. ಐದು ಸಾವಿರ ಹೋದರೆ ಹೆಚ್ಚು ಎಂದುಕೊಂಡಿದ್ದರು. ಮೊದಲ ವರ್ಷವೇ 32,450 ಹೋಯಿತು. ಉಳಿದ ಕಂಪನಿಗಳು ಕೈಕಟ್ಟಿ ಕೂರಲಿಲ್ಲ. 426 ಹೆಮಿ, 396, 428 ಕೋಬ್ರಾ ಜೆಟ್, 440, ಕೊನೆಗೆ 1970ರ ಷೆವೆಲ್ ಕಾರಿನ 450 ಅಶ್ವಶಕ್ತಿಯ ಎಲ್‌ಎಸ್-6 ತನಕ ಪೈಪೋಟಿ ಏರುತ್ತಲೇ ಹೋಯಿತು. ಇಳಿದದ್ದು ಅದಕ್ಕಿಂತ ಬೇಗ. ವಿಮೆ ಕಂಪನಿಗಳು ಪ್ರೀಮಿಯಂ ಏರಿಸಿದವು, 1970ರ ಶುದ್ಧ ಗಾಳಿ ಕಾಯ್ದೆ ಬಂತು, 1971ಕ್ಕೆ ಜನರಲ್ ಮೋಟರ್ಸ್ ತನ್ನ ಇಂಜಿನ್ನುಗಳ ಕಂಪ್ರೆಷನ್ ತಗ್ಗಿಸಿತು, 1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ನಿಲ್ಲಿಸಿದವು. ಹತ್ತು ವರ್ಷ ತುಂಬುವಷ್ಟರಲ್ಲಿ ಆಟ ಮುಗಿದಿತ್ತು.

ನಮ್ಮ ವಿಷಯಕ್ಕೆ ಬೇಕಾದದ್ದು ಆ ‘ಆಪ್ಷನ್’. ಆ ಕಾಲದ ಅಮೆರಿಕದ ಗಿರಾಕಿ ಷೋರೂಮಿನಲ್ಲಿ ನಿಂತ ಕಾರನ್ನು ಹಾಗೆಯೇ ಕೊಳ್ಳಬೇಕೆಂದಿರಲಿಲ್ಲ. ಡೀಲರನ ಮುಂದೆ ಕುಳಿತು ಇಂಜಿನ್, ಗೇರ್‌ಬಾಕ್ಸ್, ಹಿಂದಿನ ಆಕ್ಸಲ್ಲಿನ ಅನುಪಾತ, ಬ್ರೇಕ್, ಸೀಟು, ರೇಡಿಯೋ, ಗಡಿಯಾರ ಎಲ್ಲದಕ್ಕೂ ಪಟ್ಟಿಯಲ್ಲಿ ಗುರುತು ಹಾಕಿಸುತ್ತಿದ್ದ. ಒಂದೇ ಮೈಕಟ್ಟು, ಒಂದೇ ಬಾಗಿಲು, ಒಂದೇ ಕಿಟಕಿ. ಒಳಗೆ ಮಾತ್ರ ನೂರಾರು ಜೋಡಣೆ ಸಾಧ್ಯ. ಝಡ್‌ಎಲ್-1 ಬಂದದ್ದು ಆ ಪಟ್ಟಿಯಿಂದಲೂ ಅಲ್ಲ. ಪೊಲೀಸ್ ಕಾರು, ಟ್ಯಾಕ್ಸಿಗಳಂಥ ವಿಶೇಷ ಬೇಡಿಕೆಗೆಂದು ಷೆವ್ರೊಲೆ ಇಟ್ಟುಕೊಂಡಿದ್ದ ‘ಕೋಪೋ’ ಎಂಬ ಕೇಂದ್ರ ಕಚೇರಿಯ ಆದೇಶ ಪದ್ಧತಿಯಲ್ಲಿ, 9560 ಎಂಬ ಸಂಖ್ಯೆಯಡಿ. ಇಲಿನಾಯ್ ರಾಜ್ಯದ ಲಾ ಹಾರ್ಪ್ ಎಂಬ ಪುಟ್ಟ ಊರಿನ ಫ್ರೆಡ್ ಗಿಬ್ ಎಂಬ ಡೀಲರ್ ಒಂದೇ ಏಟಿಗೆ 50 ಕಾರುಗಳಿಗೆ ಆರ್ಡರ್ ಕೊಟ್ಟ. ಬೆಲೆ ಕಂಡು ಗಿರಾಕಿಗಳು ಹೌಹಾರಿದ್ದರಿಂದ ಬಹುಪಾಲನ್ನು ಕಂಪನಿ ವಾಪಸು ತರಿಸಿ ಬೇರೆ ಡೀಲರುಗಳಿಗೆ ಹಂಚಬೇಕಾಯಿತು. ಅಂದು ಯಾರಿಗೂ ಬೇಡವಾಗಿದ್ದ ಸರಕಿಗೆ ಇಂದು ಎಲ್ಲಿಲ್ಲದ ಬೆಲೆ. ವ್ಯಾಪಾರದ ವಿವೇಕದ ಬಗ್ಗೆ ಉಪದೇಶ ಮಾಡುವವರು ಈ ಕಥೆಯನ್ನು ಜಾಣತನದಿಂದ ಬಿಟ್ಟುಬಿಡುತ್ತಾರೆ.

ಹೀಗಾಗಿ ಒಂದು ಮಸಲ್ ಕಾರಿನ ಗುರುತು ಅದರ ಲೋಹದಲ್ಲಿರುವಷ್ಟೇ ಅದರ ಆರ್ಡರ್ ಕಾಗದದಲ್ಲೂ ಇದೆ. ಆ ಕಾಗದ ಉಳಿದಿದೆಯೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ ಕಥೆ. ಫೋರ್ಡ್ ಈ ವಿಷಯದಲ್ಲಿ ಭಾಗ್ಯವಂತ. 1967ರಿಂದಾಚೆಗಿನ ಅದರ ಉತ್ಪಾದನಾ ದತ್ತಾಂಶ ಉಳಿದುಕೊಂಡಿದ್ದು, ಕೆವಿನ್ ಮಾರ್ಟಿ ಎಂಬವರು ಕಂಪನಿಯ ಪರವಾನಗಿ ಪಡೆದು ಅದರಿಂದ ಪ್ರತಿ ಕಾರಿನ ವರದಿ ಕೊಡುತ್ತಾರೆ. ‘ಮಾರ್ಟಿ ರಿಪೋರ್ಟ್’ ಇಲ್ಲದೆ ಈಗ ಒಳ್ಳೆಯ ಮಸ್ಟ್ಯಾಂಗ್ ಮಾರುವುದೇ ಕಷ್ಟ. ಪಾಂಟಿಯಾಕ್ ಕೂಡ ಬಚಾವು. 1961ರಿಂದ 1986ರವರೆಗಿನ ಅದರ ಬಿಲ್ಲುಗಳ ದಾಖಲೆಗಳಿಂದ ಪಾಂಟಿಯಾಕ್ ಹಿಸ್ಟಾರಿಕ್ ಸರ್ವೀಸಸ್ ಪ್ರತಿ ತೆಗೆದುಕೊಡುತ್ತದೆ. 1966ರಿಂದ 1971ರವರೆಗೆ ಜಿಟಿಒ ಪ್ರತ್ಯೇಕ ಮಾದರಿಯಾಗಿ ಅದರ ನಂಬರು 242 ಎಂದೇ ಶುರುವಾಗುವುದರಿಂದ ಆ ವರ್ಷಗಳಲ್ಲಿ ಗೊಂದಲವೂ ಕಡಿಮೆ. ಅದು ಇನ್ನೂ ಬರಿಯ ಆಪ್ಷನ್ ಆಗಿದ್ದ 1964–65ರ ಕಾರಿಗೆ ಮಾತ್ರ ಬಿಲ್ಲೇ ಗತಿ.

ಕ್ರೈಸ್ಲರ್ ದಾಖಲೆಗಳು ಹಾಗೆ ಒಂದೆಡೆ ಸಿಗುವುದಿಲ್ಲ. ಆದರೆ ಆ ಕಂಪನಿ ಇಂಜಿನ್ನಿನ ಸಂಕೇತವನ್ನು ಕಾರಿನ ನಂಬರಿನಲ್ಲೇ ಸೇರಿಸಿ ದೊಡ್ಡ ಉಪಕಾರ ಮಾಡಿತು. ಐದನೆಯ ಅಕ್ಷರ ‘ಆರ್’ ಇದ್ದರೆ 426 ಹೆಮಿ. ‘ಬಿಎಸ್27ಆರ್1ಬಿ’ ಎಂದು ಶುರುವಾದರೆ ಅದು ಹ್ಯಾಮ್‌ಟ್ರಾಮಿಕ್ ಕಾರ್ಖಾನೆಯಲ್ಲಿ ಕಟ್ಟಿದ 1971ರ ಹೆಮಿ ಕುಡಾ ಕನ್ವರ್ಟಿಬಲ್. ಅಂಥವು ಹುಟ್ಟಿದ್ದೇ 11 ಎಂಬುದು ಸಾಮಾನ್ಯವಾಗಿ ಒಪ್ಪಿದ ಲೆಕ್ಕ; ಅದರಲ್ಲೊಂದು 2014ರಲ್ಲಿ ಸಿಯಾಟಲ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ನಂಬರಿನ ಜೊತೆಗೆ ಕ್ರೈಸ್ಲರ್ ಕಾರುಗಳ ಬಾನೆಟ್ಟಿನ ಕೆಳಗೆ, ಎಡ ಫೆಂಡರಿನ ಒಳಬದಿಗೆ ಎರಡು ಸ್ಕ್ರೂ ಹಾಕಿ ಕೂರಿಸಿದ ಪುಟ್ಟ ತಗಡಿನ ಪಟ್ಟಿ ಇರುತ್ತದೆ. ಆ ಕಾರಿನ ಬಣ್ಣ, ಸೀಟು, ಇಂಜಿನ್, ಸಲಕರಣೆ ಎಲ್ಲವೂ ಅದರಲ್ಲಿ ಸಂಕೇತಗಳಾಗಿವೆ. ಓದಬೇಕಾದದ್ದು ಕೆಳಗಿನ ಸಾಲಿನಿಂದ ಮೇಲಕ್ಕೆ. ಇನ್ನೊಂದು ‘ಬ್ರಾಡ್‌ಕಾಸ್ಟ್ ಶೀಟ್’: ಯಾವ ಕಾರಿಗೆ ಏನೇನು ಜೋಡಿಸಬೇಕೆಂದು ಕಾರ್ಖಾನೆಯ ಒಂದೊಂದು ಕಟ್ಟೆಗೂ ಹೋಗುತ್ತಿದ್ದ ಮುದ್ರಿತ ಹಾಳೆ. ಕೆಲಸ ಮುಗಿದ ಮೇಲೆ ಕಸದ ಬುಟ್ಟಿಗೆ ಹೋಗಬೇಕಾದದ್ದನ್ನು ಕಾರ್ಮಿಕರು ಹಿಂದಿನ ಸೀಟಿನ ಸ್ಪ್ರಿಂಗುಗಳ ನಡುವೆಯೋ ಗ್ಲೌ ಬಾಕ್ಸಿನ ಮೇಲೋ ತುರುಕಿಬಿಡುತ್ತಿದ್ದರು. ಐವತ್ತು ವರ್ಷದ ನಂತರ ಇಲಿ ತಿಂದು ಉಳಿದ ಆ ಹಾಳೆಯ ತುಂಡಿಗಾಗಿ ಮಾಲೀಕರು ಸೀಟು ಬಿಚ್ಚಿಸುತ್ತಾರೆ. ಪಕ್ಕದ ಕಾರಿನ ಹಾಳೆ ಇದರೊಳಗೆ ಸಿಕ್ಕಿ ನಿರಾಸೆಯಾಗುವುದೂ ಉಂಟು.

ಎಲ್ಲಕ್ಕಿಂತ ಫಜೀತಿ ಷೆವ್ರೊಲೆಯದು. ಎಲ್ಲರಿಗೂ ಬೇಕಾದ ಕಾರುಗಳು ಹೆಚ್ಚಾಗಿ ಇರುವುದೂ ಅಲ್ಲೇ. 1972ಕ್ಕೆ ಮುಂಚೆ ಅದರ ಕಾರಿನ ನಂಬರು ಇಂಜಿನ್ನಿನ ಬಗ್ಗೆ ಆರು ಸಿಲಿಂಡರೋ ಎಂಟೋ ಎಂಬುದರಾಚೆ ಬಾಯಿ ಬಿಡುವುದಿಲ್ಲ. 1968ರವರೆಗಿನ ಷೆವೆಲ್ ಎಸ್‌ಎಸ್ 396ಕ್ಕೆ 138 ಎಂಬ ಪ್ರತ್ಯೇಕ ಆರಂಭವಾದರೂ ಇತ್ತು. 1969ರಿಂದ ಎಸ್‌ಎಸ್ ಎನ್ನುವುದೂ ಆಪ್ಷನ್ ಆಗಿ ಆ ಸುಳಿವೂ ಹೋಯಿತು. ಕಂಪನಿಯ ಬಳಿ ಬಿಡಿ ಬಿಡಿ ಕಾರಿನ ದಾಖಲೆ ಸಾಮಾನ್ಯವಾಗಿ ಸಿಗುವುದಿಲ್ಲ. ಕೆನಡಾದಲ್ಲಿ ಮಾರಾಟವಾದ ಕಾರಾಗಿದ್ದರೆ ಅದೃಷ್ಟ. ಅಲ್ಲಿನ ಜನರಲ್ ಮೋಟರ್ಸ್ ಶಾಖೆ ದಾಖಲೆ ಕಾಪಾಡಿಕೊಂಡು ಬಂದಿದೆ. ಉಳಿದವರು ಪೆಟ್ರೋಲ್ ಟ್ಯಾಂಕಿನ ಮೇಲೆ ಸಿಕ್ಕಿಕೊಂಡ ಬಿಲ್ಡ್ ಶೀಟು, ಮೊದಲ ಮಾಲೀಕನ ರಸೀದಿ, ವಾರಂಟಿ ಪುಸ್ತಕಕ್ಕೆ ಅಂಟಿಸಿದ ‘ಪ್ರೊಟೆಕ್ಟ್-ಓ-ಪ್ಲೇಟ್’ ಎಂಬ ಲೋಹದ ಬಿಲ್ಲೆ ಇವನ್ನು ನಂಬಬೇಕು. ಅದೂ ಇಲ್ಲದಿದ್ದರೆ ಇಂಜಿನ್ನನ್ನೇ ಓದಬೇಕು.

ಓದುವುದು ಹೇಗೆಂದು 1969ರ ಝಡ್-28 ಕ್ಯಾಮರೋ ಹಿಡಿದು ನೋಡೋಣ. ಟ್ರಾನ್ಸ್-ಆಮ್ ರೇಸಿನ ಐದು ಲೀಟರ್ ಮಿತಿಯೊಳಗೆ ಕೂರಲೆಂದೇ ಮಾಡಿದ 302 ಘನ ಇಂಚಿನ ಇಂಜಿನ್ ಅದರದು. ಕಾಗದದ ಮೇಲೆ 290 ಅಶ್ವಶಕ್ತಿ, ನಿಜದಲ್ಲಿ ಅದಕ್ಕಿಂತ ಬಹಳ ಹೆಚ್ಚು. ಬ್ಲಾಕಿನ ಹಿಂಭಾಗದಲ್ಲಿ, ಗೇರ್‌ಬಾಕ್ಸ್ ಕೂಡುವ ಅಂಚಿನ ಬಳಿ, ಎರಕದ ತಾರೀಖು ಉಬ್ಬಿರುತ್ತದೆ. ‘ಎ 8 9’ ಎಂದರೆ ಜನವರಿ 8, 1969. ಮುಂಭಾಗದಲ್ಲಿ, ಬಲಗಡೆಯ ಸಿಲಿಂಡರ್ ಹೆಡ್ಡಿನ ಎದುರಿಗೆ ಸಣ್ಣ ಸಮತಟ್ಟು ಜಾಗವಿದೆ. ಅಲ್ಲಿ ‘ವಿ0115ಡಿಝಡ್’ ಎಂದು ಕುಟ್ಟಿದ್ದರೆ ಫ್ಲಿಂಟ್ ಕಾರ್ಖಾನೆಯಲ್ಲಿ ಜನವರಿ 15ರಂದು ಜೋಡಿಸಿದ ಇಂಜಿನ್. ಕೊನೆಯ ‘ಡಿಝಡ್’ ಆ ವರ್ಷದ 302ಕ್ಕೇ ಮೀಸಲು. ಪಕ್ಕದಲ್ಲಿ ಕಾರಿನ ನಂಬರಿನ ಕೊನೆಯ ಭಾಗ. ಫೈರ್‌ವಾಲಿನ ಮೇಲಿನ ತಗಡಿನಲ್ಲಿ ‘01ಡಿ’ ಇದ್ದರೆ ಬಾಡಿ ಕಟ್ಟಿದ್ದು ಜನವರಿಯ ನಾಲ್ಕನೆಯ ವಾರ. ಎರಕ, ಜೋಡಣೆ, ಬಾಡಿ ಒಂದರ ಹಿಂದೊಂದು ಸರಿಯಾದ ಅಂತರದಲ್ಲಿ ಬಂದಿವೆ. ಒಹಾಯೊದ ನಾರ್‌ವುಡ್ ಕಾರ್ಖಾನೆಯ ಕಾರಾದರೆ 1968ರ ಡಿಸೆಂಬರಿನಿಂದೀಚೆಗೆ ತಗಡಿನ ಮೇಲೆ ಎಕ್ಸ್33 ಅಥವಾ ಎಕ್ಸ್77 ಎಂಬ ಸಂಕೇತವೂ ಇರಬೇಕು. ಅದು ಝಡ್-28ರ ಗುರುತು. ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದ ಕಾರಿನಲ್ಲಿ ಅದನ್ನು ಹುಡುಕಿ ಪ್ರಯೋಜನವಿಲ್ಲ, ಅಲ್ಲಿ ಹಾಕುತ್ತಲೇ ಇರಲಿಲ್ಲ. ಹಾಗೆಯೇ ಹೋಲಿ ಕಂಪನಿಯ ಕಾರ್ಬುರೇಟರಿನ ಮೇಲೆ 4053, ಗೇರ್‌ಬಾಕ್ಸಿನ ಮೇಲೆ, ಆಕ್ಸಲ್ಲಿನ ಕೊಳವೆಯ ಮೇಲೆ, ಕಿಟಕಿಯ ಗಾಜಿನ ಮೇಲೆ ಕೂಡ ತಾರೀಖಿನ ಸಂಕೇತಗಳು.

ಇದು ನಮ್ಮ ಶಾಸನ ಸಂಶೋಧಕರು ಕೂಟಶಾಸನಗಳನ್ನು ಹಿಡಿದ ದಾರಿಯೇ. ಗಂಗರ ತಾಮ್ರಪಟಗಳ ಬಗ್ಗೆ ಫ್ಲೀಟ್ ಮತ್ತು ರೈಸ್ ನಡುವೆ ನಡೆದ ವಾದವನ್ನು ಬಲ್ಲವರಿಗೆ ಇದು ಪರಿಚಿತ ನೆಲ. ಲಿಪಿ ಆ ಶತಮಾನದ್ದೇ? ತಿಥಿಗೂ ವಾರಕ್ಕೂ ತಾಳೆಯಾಗುತ್ತದೆಯೇ? ಖೋಟಾ ದಾನಪತ್ರ ಬರೆದವನು ರಾಜನ ಬಿರುದುಗಳನ್ನು ತಪ್ಪಿಲ್ಲದೆ ಬರೆದು ಪಂಚಾಂಗದಲ್ಲಿ ಎಡವುತ್ತಿದ್ದ. ಖೋಟಾ ಇಂಜಿನ್ ಮಾಡಿದವನೂ ಹಾಗೆಯೇ ಸಂಕೇತ ಸರಿಯಾಗಿ ಕುಟ್ಟಿ, ಬ್ಲಾಕು ಎರಕವಾಗುವ ಮೊದಲೇ ಇಂಜಿನ್ ಜೋಡಣೆ ಮುಗಿಸಿರುತ್ತಾನೆ. ದೊಡ್ಡ ಮೋಸಗಳು ಬಯಲಾದದ್ದು ಬಹುಮಟ್ಟಿಗೆ ಇಂಥ ಸಣ್ಣ ಅವಸರಗಳಿಂದ.

ಖೋಟಾ ಮಾಡುವ ವಿಧಾನ ಕಷ್ಟದ್ದೇನಲ್ಲ. ಅದೇ ಕಾಲದ ಬೇರೆ ಬ್ಲಾಕು ತಂದು, ಮೇಲ್ಮೈಯನ್ನು ಮೆಷಿನ್ನಿನಲ್ಲಿ ತುಸು ಕೆರೆದರೆ ಹಳೆಯ ಅಂಕಿ ಮಾಯ. ಮೇಲೆ ಬೇಕಾದ್ದನ್ನು ಕುಟ್ಟಬಹುದು. ಪತ್ತೆ ಹಚ್ಚುವವರು ಅಂಕಿಯನ್ನು ಓದುವುದಕ್ಕಿಂತ ಅಂಕಿಯ ಕೆಳಗಿನ ಲೋಹವನ್ನು ಓದುತ್ತಾರೆ. ಜನರಲ್ ಮೋಟರ್ಸ್ ಕಾರ್ಖಾನೆಯ ಬ್ರೋಚಿಂಗ್ ಯಂತ್ರ ಆ ಸಮತಟ್ಟಿನ ಮೇಲೆ ಕೂದಲೆಳೆಯಂಥ ಸಮಾನಾಂತರ ಗೆರೆಗಳನ್ನು ಉಳಿಸುತ್ತಿತ್ತು. ಸಾಮಾನ್ಯ ವರ್ಕ್‌ಶಾಪಿನ ಮೆಷಿನ್ ಬಿಡುವ ಗುರುತು ಬೇರೆ, ಸುತ್ತುಸುತ್ತಾಗಿ. ಗೆರೆ ಇಲ್ಲದ ನುಣ್ಣನೆಯ ಮೇಲ್ಮೈ ಕಂಡರೆ ಕಿವಿ ನಿಮಿರುತ್ತದೆ. ಹಾಗೆಂದು ಗೆರೆ ಹೋದ ಇಂಜಿನ್ನೆಲ್ಲ ಖೋಟಾ ಅಲ್ಲ. ಐವತ್ತು ವರ್ಷದಲ್ಲಿ ಪ್ರಾಮಾಣಿಕವಾಗಿ ಓವರ್‌ಹಾಲ್ ಮಾಡಿಸಿದವರೂ ಬ್ಲಾಕು ಕೆರೆಸಿದ್ದಾರೆ, ಗೊತ್ತಿಲ್ಲದೆ ಸಾಕ್ಷ್ಯ ಅಳಿಸಿದ್ದಾರೆ. ವಾರಂಟಿಯಲ್ಲಿ ಬದಲಾದ ಇಂಜಿನ್ನಿಗೆ ಷೆವ್ರೊಲೆ ‘ಸಿಇ’ ಎಂದು ಬೇರೆಯೇ ಅಚ್ಚು ಒತ್ತುತ್ತಿತ್ತು. ಅದು ಕಾರಿನ ಬದುಕಿನ ನಿಜವಾದ ಘಟನೆ. ಆದರೂ ಮಾರುಕಟ್ಟೆ ಅದಕ್ಕೆ ಕೊಡುವ ಬೆಲೆ ಕಡಿಮೆ. ಚೆನ್ನಾಗಿ ಹೇಳಿದ ಸುಳ್ಳಿಗೆ ಹೆಚ್ಚು. ಈ ಹವ್ಯಾಸದ ಮೇಲೆ ನನಗಿರುವ ದೊಡ್ಡ ತಕರಾರು ಇದೇ.

ನಮ್ಮ ಓದುಗರಿಗೆ ಇಲ್ಲೊಂದು ಸಂಗತಿ ವಿಚಿತ್ರವೆನಿಸಬಹುದು. ನಮ್ಮಲ್ಲಿ ಆರ್‌ಸಿಯಲ್ಲಿ ಚಾಸಿ ನಂಬರಿನ ಜೊತೆ ಇಂಜಿನ್ ನಂಬರೂ ದಾಖಲಾಗುತ್ತದೆ, ಚಾಸಿ ನಂಬರಿನ ಮೇಲೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಆರ್‌ಟಿಒಗೆ ಪ್ರತಿ ಕೊಡುತ್ತೇವೆ. ಇಂಜಿನ್ ಬದಲಿಸಿದರೆ ಅದಕ್ಕೊಂದು ಅರ್ಜಿ. ಅಮೆರಿಕದ ಮಾಲೀಕತ್ವ ಪತ್ರದಲ್ಲಿ ಸಾಮಾನ್ಯವಾಗಿ ಇರುವುದು ಕಾರಿನ ನಂಬರು ಒಂದೇ. ಸರ್ಕಾರ ಇಂಜಿನ್ನಿನ ಲೆಕ್ಕ ಇಡದ ಕಾರಣ ಆ ಕೆಲಸ ಹವ್ಯಾಸಿಗಳ ತಲೆಗೆ ಬಂತು. ಕಾರಿನ ನಂಬರಿನ ವಿಷಯದಲ್ಲಿ ಮಾತ್ರ ಕಾನೂನು ಬಿಗಿ. ಅದನ್ನು ತಿದ್ದಿದರೆ ಫೆಡರಲ್ ಕಾಯ್ದೆಯಡಿ ಐದು ವರ್ಷದವರೆಗೆ ಜೈಲು. ಈ ಬಿಗಿ ಕೆಲವೊಮ್ಮೆ ಅಮಾಯಕರ ಕುತ್ತಿಗೆಗೂ ಬೀಳುತ್ತದೆ. ಕ್ಯಾನ್ಸಸ್ ರಾಜ್ಯದಲ್ಲಿ 2017ರಲ್ಲಿ 1959ರ ಒಂದು ಕಾರ್ವೆಟ್ ನೋಂದಣಿಗೆ ಹೋದಾಗ, ಹಿಂದೆಂದೋ ರಿಸ್ಟೋರೇಷನ್ ವೇಳೆ ನಂಬರ್ ಪಟ್ಟಿ ಬಿಚ್ಚಿ ಮತ್ತೆ ಕೂರಿಸಿದ್ದು ಕಂಡುಬಂದು ಪೊಲೀಸರು ಕಾರನ್ನೇ ಜಪ್ತಿ ಮಾಡಿದರು. ಕೊಂಡವನಿಗೆ ಅದರ ಅರಿವೇ ಇರಲಿಲ್ಲ. ಕೊನೆಗೆ 2022ರಲ್ಲಿ, ಹಳೆಯ ಕಾರನ್ನು ರಿಸ್ಟೋರ್ ಮಾಡುವವರಿಗೆ ವಿನಾಯಿತಿ ಕೊಟ್ಟು ರಾಜ್ಯದ ಕಾಯ್ದೆಯನ್ನೇ ತಿದ್ದಬೇಕಾಯಿತು. ಬಣ್ಣ ಹೊಡೆಯಲು ಪಟ್ಟಿ ಬಿಚ್ಚಿದರೆ ಅಪರಾಧವೇ ಎಂಬ ಪ್ರಶ್ನೆ ಪ್ರತಿ ವರ್ಕ್‌ಶಾಪಿನಲ್ಲೂ ಇದ್ದದ್ದೇ. 1965ರ ನಂತರದ ಜನರಲ್ ಮೋಟರ್ಸ್ ಕಾರುಗಳಲ್ಲಿ ಹೂವಿನೆಸಳಿನ ಆಕಾರದ ರಿವೆಟ್ಟುಗಳಿರುವುದರಿಂದ, ಕೈಯಾಡಿಸಿದ್ದರೆ ಪಳಗಿದ ಕಣ್ಣಿಗೆ ತಿಳಿಯುತ್ತದೆ.

ಜೀರ್ಣೋದ್ಧಾರದ ಕಡೆಗೆ ಬಂದರೆ, ಶತ್ರು ಯಾವತ್ತೂ ತುಕ್ಕು. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಎರಚುವ ಮಿಷಿಗನ್, ಒಹಾಯೊ ಕಡೆಯ ಕಾರುಗಳ ನೆಲದ ತಗಡು, ಡಿಕ್ಕಿಯ ಮೂಲೆ, ಹಿಂಚಕ್ರದ ಮೇಲಿನ ಭಾಗ ಎಲ್ಲ ತೂತು. ಅರಿಜೋನದ ಒಣಹವೆಯಲ್ಲಿ ತಗಡು ಉಳಿದು ಸೀಟು, ಡ್ಯಾಶ್‌ಬೋರ್ಡು ಬಿರಿಯುತ್ತವೆ. ಮೊದಲ ಪೀಳಿಗೆಯ ಮಸ್ಟ್ಯಾಂಗುಗಳಲ್ಲಿ ಗಾಜಿನ ಕೆಳಗಿನ ಗಾಳಿಕಿಂಡಿಯ ಒಳಗೆ ನೀರು ನಿಂತು ಕೊಳೆಯುವುದು ಹುಟ್ಟುರೋಗ. ವಿನೈಲ್ ಹೊದಿಸಿದ ಛಾವಣಿಯ ಅಡಿಯಲ್ಲಿ ಏನಿದೆಯೋ ದೇವರಿಗೇ ಗೊತ್ತು. ಇವನ್ನೆಲ್ಲ ಬಿಚ್ಚಿ, ಬಾಡಿಯನ್ನು ತಿರುಗುವ ಕಟ್ಟಿಗೆ ಏರಿಸಿ, ಹಳೆಯ ಬಣ್ಣ ಕೆರೆದು, ಟಿಂಕರಿಂಗ್ ಮುಗಿಸಿ, ಪ್ರೈಮರ್ ಹೊಡೆದು ಮತ್ತೆ ಜೋಡಿಸುವಷ್ಟರಲ್ಲಿ ಒಂದು ಲಕ್ಷ ಡಾಲರ್ ದಾಟುವುದು ವಿಶೇಷವಲ್ಲ. ಅವಸರದಲ್ಲಿ ಮರಳು ಸಿಡಿಸಿ ಬಣ್ಣ ತೆಗೆಯಲು ಹೋದವರ ಬಾನೆಟ್ಟು ಸೊಟ್ಟಗಾಗಿ, ಆಮೇಲೆ ಪುಟ್ಟಿ ಮೆತ್ತಿ ಮುಚ್ಚುವ ಪಾಡು.

ಬಿಡಿಭಾಗಕ್ಕೆ ಈಗ ಬರವಿಲ್ಲ; ಅದೇ ಹೊಸ ತಲೆನೋವು. ಫೆಂಡರು, ಬಾಗಿಲು, ನೆಲದ ತಗಡು ಎಲ್ಲದರ ನಕಲೂ ಹೊಸದಾಗಿ ಸಿಗುತ್ತದೆ. ಡೈನಾಕಾರ್ನ್ ಎಂಬ ಕಂಪನಿ ಕ್ಯಾಮರೋ, ಮಸ್ಟ್ಯಾಂಗ್‌ಗಳ ಇಡೀ ಬಾಡಿಯನ್ನೇ ಹೊಸದಾಗಿ ಒತ್ತಿ ಮಾರುತ್ತದೆ. ತುಕ್ಕಿನಲ್ಲಿ ಕರಗಿಹೋದ ಒಂದು ಝಡ್-28ರ ನಂಬರ್ ಪಟ್ಟಿಯನ್ನೂ ಇಂಜಿನ್ನನ್ನೂ ಈ ಹೊಸ ಬಾಡಿಗೆ ದಾಟಿಸಿದರೆ ಅದು ಯಾವ ಕಾರು? ಫೆಂಡರ್ ಬದಲಿಸಿದರೆ ದುರಸ್ತಿ, ನೆಲ ಬದಲಿಸಿದರೂ ದುರಸ್ತಿ, ಎಲ್ಲವನ್ನೂ ಬದಲಿಸಿದರೆ ಮಾತ್ರ ಅಪರಾಧವೇ ಎಂದು ಕೇಳುವವರಿದ್ದಾರೆ. ಉತ್ತರ ತಾತ್ವಿಕವಾಗಿ ಕಷ್ಟವಿರಬಹುದು, ವ್ಯವಹಾರದಲ್ಲಿ ಕಷ್ಟವಿಲ್ಲ. ಕ್ಯಾಮರೋದಲ್ಲಿ ಹೀಟರ್ ಪೆಟ್ಟಿಗೆಯ ಹಿಂದೆ, ಮಸ್ಟ್ಯಾಂಗಿನಲ್ಲಿ ಫೆಂಡರಿನ ಒಳತಗಡಿನ ಮೇಲೆ ಕಾರ್ಖಾನೆ ಗುಟ್ಟಾಗಿ ನಂಬರು ಕುಟ್ಟಿರುತ್ತದೆ. ಆ ಮೂಲ ಲೋಹ ಹೋದರೆ ಕಾರೂ ಹೋದಂತೆ. ಉಳಿದದ್ದನ್ನು ಒಳ್ಳೆಯ ನಕಲು ಎಂದು ಒಪ್ಪಿಕೊಂಡು ಓಡಿಸುವುದರಲ್ಲಿ ನಾಚಿಕೆಯೇನಿಲ್ಲ.

ಇನ್ನು ಅತಿರೇಕದ ಬಗ್ಗೆ. 1980, 90ರ ದಶಕಗಳಲ್ಲಿ ಮಾಡಿದ ರಿಸ್ಟೋರೇಷನ್ನುಗಳ ಫೋಟೋ ನೋಡಿದರೆ ಕನ್ನಡಿಯಂಥ ಬಣ್ಣ, ಬೆರಳು ಆಡದಷ್ಟು ಸಮನಾದ ಬಾಗಿಲ ಸಂದು, ಪಾಲಿಶ್ ಮಾಡಿದ ಬೋಲ್ಟು. ಡೆಟ್ರಾಯ್ಟ್ ಯಾವ ಕಾಲಕ್ಕೂ ಅಂಥ ಕಾರು ಕಟ್ಟಲಿಲ್ಲ. ಸಾಲಿನಲ್ಲಿ ಕಾರು ಸಾಗುತ್ತಿರುವಾಗ ಬಣ್ಣ ಸೋರಿ ಇಳಿಯುತ್ತಿತ್ತು, ಅಡಿಭಾಗಕ್ಕೆ ಅರ್ಧಂಬರ್ಧ ಹಾರಿ ಬೀಳುತ್ತಿತ್ತು, ಇನ್‌ಸ್ಪೆಕ್ಟರು ಸೀಮೆಸುಣ್ಣದಲ್ಲೋ ಕ್ರೇಯಾನಿನಲ್ಲೋ ಗೀಚಿದ ಗುರುತು ಹಾಗೇ ಉಳಿಯುತ್ತಿತ್ತು. ಇದನ್ನು ಅರಿತ ಮೇಲೆ ಹವ್ಯಾಸ ಇನ್ನೊಂದು ತುದಿಗೆ ಹೋಯಿತು. ಈಗ ಸೋರಿದ ಬಣ್ಣವನ್ನು ಅಳತೆಯಿಟ್ಟು ಸೋರಿಸುತ್ತಾರೆ. ಜನರಲ್ ಮೋಟರ್ಸ್ ಬಳಸಿದ್ದು ಲ್ಯಾಕರ್, ಫೋರ್ಡ್ ಮತ್ತು ಕ್ರೈಸ್ಲರ್ ಎನಾಮೆಲ್. ಎರಡರ ಹೊಳಪೂ ಬೇರೆ, ಇಂದಿನ ಕ್ಲಿಯರ್ ಕೋಟ್ ಎರಡನ್ನೂ ಹೋಲುವುದಿಲ್ಲ ಎಂದು ವಾದಿಸುತ್ತಾರೆ. ಬೋಲ್ಟಿನ ತಲೆಯ ಮೇಲಿನ ತಯಾರಕರ ಗುರುತು, ರಬ್ಬರ್ ಹೋಸಿನ ಮೇಲಿನ ತಾರೀಖು, ಬ್ಯಾಟರಿಯ ಮುಚ್ಚಳ ಎಲ್ಲಕ್ಕೂ ಅಂಕ. 1974ರಲ್ಲಿ ಹುಟ್ಟಿದ ಕಾರ್ವೆಟ್ ರಿಸ್ಟೋರರ್ಸ್ ಸೊಸೈಟಿ ಈ ಶಿಸ್ತಿಗೆ ದಾರಿ ಹಾಕಿದ್ದು. ಷಿಕಾಗೋ ಬಳಿ ನವೆಂಬರಿನಲ್ಲಿ ನಡೆಯುವ ಮಸಲ್ ಕಾರ್ ಅಂಡ್ ಕಾರ್ವೆಟ್ ನ್ಯಾಷನಲ್ಸ್‌ನಲ್ಲಿ ಇದರ ಪರಾಕಾಷ್ಠೆ ಕಾಣಬಹುದು. ಕಾರ್ಖಾನೆಯಿಂದ ಹೊರಬಂದಾಗ ಇದ್ದಂತೆಯೇ ಇರಬೇಕೆಂಬ ಈ ಆದರ್ಶದ ಒಳಗೇ ಒಂದು ಬಿರುಕಿದೆ. ಕಾರ್ಖಾನೆಯ ಅಚ್ಚನ್ನು ಹೋಲುವಂತೆ ಹೊಸ ಬ್ಲಾಕಿನ ಮೇಲೆ ನಂಬರು ಕುಟ್ಟಿಸಿದರೆ ಅದು ಬಣ್ಣ ಹೊಡೆದಷ್ಟೇ ನಿರಪಾಯದ ರಿಸ್ಟೋರೇಷನ್ ಎಂದು ವಾದಿಸುವವರು ಕಾರ್ವೆಟ್ ವಲಯದಲ್ಲಿ ಬಹುಕಾಲದಿಂದ ಇದ್ದಾರೆ. ನಾನು ಒಪ್ಪುವುದಿಲ್ಲ. ಬಣ್ಣ ತಾನು ಹಳೆಯದೆಂದು ಹೇಳುವುದಿಲ್ಲ, ನಂಬರು ಹೇಳುತ್ತದೆ.

ಓಡಿಸುವವರ ಸಮಸ್ಯೆಗಳು ಬೇರೆ. 11:1 ಕಂಪ್ರೆಷನ್ನಿನ ಇಂಜಿನ್ನುಗಳು ಸೀಸ ಬೆರೆತ ಪೆಟ್ರೋಲಿಗೆಂದು ಮಾಡಿದವು. ಅಮೆರಿಕದ ರಸ್ತೆ ವಾಹನಗಳಿಗೆ ಆ ಪೆಟ್ರೋಲ್ 1996ರಲ್ಲಿ ಪೂರ್ತಿ ನಿಷೇಧವಾಯಿತು. ಸೀಸವಿಲ್ಲದೆ ಎಕ್ಸಾಸ್ಟ್ ವಾಲ್ವಿನ ಸೀಟು ಸವೆಯುವುದರಿಂದ ಗಟ್ಟಿ ಸೀಟು ಕೂರಿಸುತ್ತಾರೆ. ಈಗಿನ ಆಯಿಲ್ಲುಗಳಲ್ಲಿ ಸತುವಿನ ಅಂಶ ತಗ್ಗಿರುವುದು ಹಳೆಯ ಕ್ಯಾಮ್‌ಶಾಫ್ಟಿಗೆ ಮಾರಕ. ಇವೆಲ್ಲ ಕಾಣದ ಒಳಗಿನ ರಾಜಿಗಳು, ಯಾವ ತೀರ್ಪುಗಾರನೂ ಅಂಕ ಕಳೆಯುವುದಿಲ್ಲ.

ಇಷ್ಟೆಲ್ಲ ರಿಸ್ಟೋರೇಷನ್ ಮಾಡಿದ ಲೋಕಕ್ಕೆ ದೊಡ್ಡ ಪಾಠ ಹೇಳಿದ್ದು ರಿಸ್ಟೋರೇಷನ್ನೇ ಆಗದ ಒಂದು ಕಾರು. 1968ರ ‘ಬುಲಿಟ್’ ಚಿತ್ರದಲ್ಲಿ ಸ್ಟೀವ್ ಮಕ್ವೀನ್ ಓಡಿಸಿದ ಹಸಿರು ಮಸ್ಟ್ಯಾಂಗ್. ಅದರ ನಂಬರು 8ಆರ್02ಎಸ್125559: 1968ರ ಮಾದರಿ, ಸ್ಯಾನ್ ಹೊಸೆ ಕಾರ್ಖಾನೆ, ಫಾಸ್ಟ್‌ಬ್ಯಾಕ್ ಬಾಡಿ, 390 ಇಂಜಿನ್, ಆಮೇಲೆ ಸರಣಿ ಸಂಖ್ಯೆ. 1974ರಲ್ಲಿ ಒಂದು ಕುಟುಂಬ, ಪತ್ರಿಕೆಯೊಂದರ ಜಾಹೀರಾತು ನೋಡಿ ಅದನ್ನು ಕೊಂಡು, ಮನೆಯ ಓಡಾಟಕ್ಕೆ ಬಳಸಿತು. 1977ರಲ್ಲಿ ಸ್ವತಃ ಮಕ್ವೀನ್ ಕಾಗದ ಬರೆದು ಕೇಳಿದರೂ ಕೊಡಲಿಲ್ಲ. 2018ರ ಜನವರಿಯಲ್ಲಿ ಡೆಟ್ರಾಯ್ಟ್ ಆಟೋ ಷೋನಲ್ಲಿ ಅದು ಮತ್ತೆ ಕಾಣಿಸಿಕೊಂಡಾಗ ಬಣ್ಣ ಮಾಸಿತ್ತು, ಬಂಪರ್ ಹಳತಾಗಿತ್ತು, ಕ್ಯಾಮೆರಾ ಬಿಗಿಯಲು ಬೆಸೆದ ಕಬ್ಬಿಣದ ಗುರುತುಗಳು ಅಡಿಯಲ್ಲಿ ಹಾಗೇ ಇದ್ದವು. ಇದೇ ಆ ಕಾರು ಎಂದು ದೃಢಪಡಿಸಲು ಆ ಗುರುತುಗಳೂ ಮಾರ್ಟಿಯವರ ದಾಖಲೆಯೂ ಒಟ್ಟಿಗೆ ನಿಂತವು. 2020ರ ಜನವರಿಯಲ್ಲಿ ಫ್ಲಾರಿಡಾದ ಕಿಸಿಮಿ ಹರಾಜಿನಲ್ಲಿ ಕೂಗು ನಿಂತದ್ದು 34 ಲಕ್ಷ ಡಾಲರಿಗೆ, ಶುಲ್ಕ ಸೇರಿ 37.4 ಲಕ್ಷ. ಯಾರಾದರೂ ಪ್ರೀತಿಯಿಂದ ಅದನ್ನು ಬಿಚ್ಚಿ, ಕೆರೆದು, ಬಣ್ಣ ಹೊಡೆಸಿದ್ದರೆ ಸಾಕ್ಷ್ಯವೂ ಹೋಗುತ್ತಿತ್ತು, ಬೆಲೆಯೂ ಹೋಗುತ್ತಿತ್ತು.

ಮಾರುಕಟ್ಟೆಯ ಏರಿಳಿತದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. 2000ದ ದಶಕದ ಮಧ್ಯದಲ್ಲಿ ಉಬ್ಬಿತು, 2008ರ ಆರ್ಥಿಕ ಕುಸಿತದಲ್ಲಿ ಇಳಿಯಿತು, ಮತ್ತೆ ಏರಿತು. ಎಲ್‌ಎಸ್-6 ಇಂಜಿನ್ನಿನವು ಕಟ್ಟಿದ್ದು 4,475, ಈಗ ಉಳಿದಿರುವುದು ಅದಕ್ಕಿಂತ ಹೆಚ್ಚು ಎಂಬ ಚಟಾಕಿ ಆ ವಲಯದಲ್ಲಿ ಹಳೆಯದು. ಅದರ ಜೊತೆಗೆ ಇನ್ನೊಂದು ಪಂಗಡವೂ ಬೆಳೆದಿದೆ: ಹಳೆಯ ಮೈಗೆ ಹೊಸ ಇಂಜಿನ್, ಡಿಸ್ಕ್ ಬ್ರೇಕ್, ಎಸಿ ಕೂರಿಸಿದ ‘ರೆಸ್ಟೊಮಾಡ್’. ಶುದ್ಧಾಚಾರದವರು ಮೂಗು ಮುರಿಯುತ್ತಾರೆ. ನನಗೆ ಅದರಲ್ಲಿ ಪ್ರಾಮಾಣಿಕತೆ ಕಾಣುತ್ತದೆ. ಆ ಕಾರು ತಾನಲ್ಲದ್ದನ್ನು ತಾನೆಂದು ಹೇಳಿಕೊಳ್ಳುವುದಿಲ್ಲ. ಆರು ಸಿಲಿಂಡರಿನ ಕಾರಿಗೆ ಎಸ್‌ಎಸ್ ವೇಷ ಹಾಕಿ ‘ಟ್ರಿಬ್ಯೂಟ್’ ಎಂದು ಘೋಷಿಸಿ ಮಾರುವವನೂ ಅಷ್ಟೇ ಗೌರವಸ್ಥ. ತೊಂದರೆ ಎರಡನೆಯ, ಮೂರನೆಯ ಮಾರಾಟದಲ್ಲಿ ಆ ಘೋಷಣೆ ಮೆಲ್ಲಗೆ ಉದುರಿಹೋಗುವಾಗ.

ಈ ಅಸಲುತನದ ಪ್ರಶ್ನೆ ನಮ್ಮ ಕಾನೂನಿಗೂ ಬಂದಿದೆ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಜುಲೈನಲ್ಲಿ ಆದ ತಿದ್ದುಪಡಿಯ ಪ್ರಕಾರ 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ, ಗಣನೀಯವಾಗಿ ಬದಲಾಗದ ವಾಹನಗಳಿಗೆ ‘ವಿಎ’ ಎಂಬ ಪ್ರತ್ಯೇಕ ನಂಬರ್ ಸರಣಿ. ಹೊಸ ನೋಂದಣಿಗೆ 20,000 ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ಪರಿಶೀಲಿಸಿ ಒಪ್ಪಿಗೆ ಕೊಡುವುದು ರಾಜ್ಯ ಮಟ್ಟದ ಸಮಿತಿ. ಬದಲಾವಣೆ ಎಷ್ಟಾದರೆ ‘ಗಣನೀಯ’ ಎಂಬುದಕ್ಕೆ ಅಮೆರಿಕದ ಹವ್ಯಾಸಿಗಳು ಇನ್ನೂ ಒಮ್ಮತಕ್ಕೆ ಬಂದಿಲ್ಲ. ನಮ್ಮ ಸಮಿತಿಗಳಿಗೂ ಈ ಕೆಲಸ ಸುಲಭವಾಗಲಾರದು.

ಆಗಸ್ಟ್ ತಿಂಗಳ ಮೂರನೆಯ ಶನಿವಾರ ಡೆಟ್ರಾಯ್ಟಿನ ವುಡ್‌ವರ್ಡ್ ಅವೆನ್ಯೂ ಮೇಲೆ ನಡೆಯುವ ಡ್ರೀಮ್ ಕ್ರೂಸ್ ನೋಡಿ, ತಾವೂ ಒಂದು ಹಳೆಯ ಕಾರು ಕೊಳ್ಳಬೇಕೆಂದು ಆಸೆಪಡುವ ಕನ್ನಡಿಗರು ಮಿಷಿಗನ್ನಿನಲ್ಲಿ ಇಲ್ಲದಿರಲಾರರು. ಅವರಿಗೊಂದು ಮಾತು. ಮಾರುವವನು ‘ನಂಬರ್ಸ್ ಮ್ಯಾಚಿಂಗ್’ ಎಂದರೆ ಯಾವ ಯಾವ ನಂಬರು, ಯಾವುದರ ಜೊತೆ ಎಂದು ಕೇಳಿ. ಅಚ್ಚಿನ ಜಾಗದ ಸ್ಪಷ್ಟ ಫೋಟೋ ತರಿಸಿಕೊಳ್ಳಿ, ದಾಖಲೆಯನ್ನು ಮಾರುವವನಿಂದ ಪಡೆಯದೆ ನೀವೇ ನೇರವಾಗಿ ತರಿಸಿ, ಆ ಮಾದರಿಯನ್ನಷ್ಟೇ ಬಲ್ಲ ಪರೀಕ್ಷಕನಿಗೆ ಮುಂಗಡ ಕೊಡುವ ಮೊದಲೇ ತೋರಿಸಿ. ಈಗಾಗಲೇ ಕೊಂಡಿದ್ದರೆ, ಒಂದು ಸ್ಕ್ರೂ ಬಿಚ್ಚುವ ಮುನ್ನ ಎಲ್ಲವನ್ನೂ ಫೋಟೋ ತೆಗೆದಿಡಿ, ಬಿಚ್ಚಿದ ತುಕ್ಕಿನ ಭಾಗವನ್ನೂ ಎಸೆಯಬೇಡಿ. ಇಂಜಿನ್ ಬದಲಾಗಿದ್ದರೆ ಬದಲಾಗಿದೆ ಎಂದು ಬರೆದು ಕಾರಿನ ಕಾಗದಗಳ ಜೊತೆ ಇಡಿ. ಮುಂದೆ ಕೊಳ್ಳುವವನಿಗೆ ಅದು ಗೊತ್ತಾಗಬೇಕು.